ದಖನಿ ಯಾರು?

ಒಂದು ಸೀಮೆಯ ಜನಕ್ಕೆ ಹೆಸರಿಡುವವರು ಬಹುಮಟ್ಟಿಗೆ ಆ ಸೀಮೆಯವರಲ್ಲ. ತಮ್ಮ ಊರಿನಲ್ಲಿ ತಾವು ನೆಮ್ಮದಿಯಾಗಿರುವ ಜನರಿಗೆ ತಾವು ಯಾವ ದಿಕ್ಕಿನವರೆಂಬ ಚಿಂತೆ ಹುಟ್ಟುವುದಿಲ್ಲ. ಭಾಲ್ಕಿಯ ಕಡೆಯ ರೈತನು ಮಾಂಜರಾ ನದಿಯ ಆಚೆಯವರು, ಈಚೆಯವರು ಎಂದಾನು. ತನ್ನನ್ನು ತಾನು ತೆಂಕಣದವನೆಂದು ಕರೆದುಕೊಳ್ಳಲಾರನು. ತೆಂಕಣವೆಂಬುದು ಬಡಗಣದಲ್ಲಿ ನಿಂತು ನೋಡುವವನ ಕಣ್ಣಿಗೆ ಮಾತ್ರ ಕಾಣುವಂಥದು. ಹೀಗಿದ್ದೂ ಬೀದರಿನ ಚರಿತ್ರೆಯನ್ನು ಓದತೊಡಗಿದ ವಿದ್ಯಾರ್ಥಿಗೆ ಮೊದಲ ಪುಟಗಳಲ್ಲಿಯೇ 'ದಖನಿ' ಎಂಬ ಮಾತು ಎದುರಾಗುತ್ತದೆ. ಅದು ಒಂದು ಪಕ್ಷದ ಹೆಸರು, ಒಂದು ಭಾಷೆಯ ಹೆಸರು, ಒಂದು ಚಿತ್ರಕಲಾ ಸಂಪ್ರದಾಯದ ಹೆಸರು. ಈಚೆಗೆ ಅದು ನಗೆಚಿತ್ರಗಳಲ್ಲಿ ಬರುವ ಒಂದು ಬಗೆಯ ಉರ್ದುವಿನ ಹೆಸರಾಗಿಯೂ ಉಳಿದುಕೊಂಡಿದೆ. ಇಷ್ಟು ಹೆಗಲುಗಳ ಮೇಲೆ ಸವಾರಿ ಮಾಡಿದ ಈ ಹೆಸರು ನಿಜವಾಗಿ ಯಾರದು? ಈ ವಾರ ಇದನ್ನು ಸ್ವಲ್ಪ ವಿಚಾರಿಸಿ ನೋಡಬೇಕೆಂದು ನಮಗೆ ತೋರಿತು. ಬೀದರ, ಭಾಲ್ಕಿ, ಔರಾದ ಸೀಮೆಯ ವಾಚಕರಿಗೆ ಇದು ಕೇವಲ ಶಬ್ದಶಾಸ್ತ್ರದ ಪ್ರಶ್ನೆಯಲ್ಲ.

ನಿರುಕ್ತದಲ್ಲಿ ತೊಡಕೇನೂ ಇಲ್ಲ. ಮೂಡಣ ದಿಕ್ಕಿಗೆ ಮುಖಮಾಡಿ ನಿಂತವನ ಬಲಗೈ ಯಾವ ಕಡೆಗೋ ಅದು ದಕ್ಷಿಣ; ಸಂಸ್ಕೃತದಲ್ಲಿ ಈ ಶಬ್ದಕ್ಕೆ ಬಲಗಡೆ ಎಂಬ ಅರ್ಥವೂ ತೆಂಕಣ ಎಂಬ ಅರ್ಥವೂ ಉಂಟು. ಪ್ರಾಕೃತದವರ ಬಾಯಲ್ಲಿ ಅದು 'ದಕ್ಖಿಣ' ಆಯಿತು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ 'ಪೆರಿಪ್ಲಸ್' ಎಂಬ ಕಡಲ ವ್ಯಾಪಾರಿಗಳ ಕೈಪಿಡಿಯೊಂದು ಈ ನಾಡನ್ನು 'ದಖಿನಬದೇಸ್' ಎಂದು ಕರೆದು, ಇಲ್ಲಿಯವರ ಮಾತಿನಲ್ಲಿ ದಕ್ಷಿಣಕ್ಕೆ 'ದಖನೋಸ್' ಎನ್ನುವರೆಂದು ವಿವರಣೆಯನ್ನೂ ಕೊಡುತ್ತದೆ. ದಕ್ಷಿಣಾಪಥವೇ ಅದು. ಪಾರಸಿಯಲ್ಲಿ ಬರೆದ ಚರಿತ್ರಕಾರರು ಇದನ್ನೇ 'ದಕನ್' ಎಂದರು. ಕೊನೆಗೆ ಒಂದು ಇಕಾರವನ್ನು ಹಚ್ಚಿದೊಡನೆ ಆ ನಾಡಿನವನು 'ದಕನಿ' ಅಥವಾ 'ದಖನಿ' ಆದನು. ಹಿಂದಿನಿಂದ ಹಿಂದಿ, ಶೀರಾಜಿನಿಂದ ಶೀರಾಜಿ ಆದಂತೆಯೇ ಇದು. ಶಬ್ದದೊಳಗೆ ಇರುವುದು ಒಂದು ದಿಕ್ಕು ಮಾತ್ರ. ಜಾತಿಯಿಲ್ಲ, ಮತವಿಲ್ಲ, ಕುಲವಿಲ್ಲ, ಎಷ್ಟು ತಲೆಮಾರಿನಿಂದ ಇದ್ದಾನೆಂಬ ಲೆಕ್ಕವೂ ಇಲ್ಲ. ಅವೆಲ್ಲವೂ ಆಮೇಲೆ ತುಂಬಿದ ಸರಕು.

ಆ ಸರಕು ತುಂಬಿದ್ದು ಹೆಚ್ಚಾಗಿ ನಮ್ಮ ಬೀದರಿನಲ್ಲಿಯೇ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನು ದೆಹಲಿಯ ದೊಡ್ಡ ದೊಡ್ಡ ಮನೆತನಗಳನ್ನು ದೌಲತಾಬಾದಿಗೆ ಎಬ್ಬಿಸಿಕೊಂಡು ಬಂದುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಹೀಗೆ ಬಂದು ನೆಲೆನಿಂತವರು 1347ರಲ್ಲಿ ದೆಹಲಿಯ ಮೇಲೆ ತಿರುಗಿಬಿದ್ದು ಬಹಮನಿ ರಾಜ್ಯವನ್ನು ಕಟ್ಟಿದರು. ಅವರ ಮಕ್ಕಳು ಮೊಮ್ಮಕ್ಕಳು ತಮ್ಮನ್ನು ದಖನಿಗಳೆಂದು ಕರೆದುಕೊಂಡರು. ಮುಂದೆ ಅಹಮದ್ ಷಾ ವಲಿ (ಆಳ್ವಿಕೆ 1422-1436) ರಾಜಧಾನಿಯನ್ನು ಗುಲಬರ್ಗದಿಂದ ಬೀದರಿಗೆ ತಂದನು. ಅದರೊಡನೆ ಕಡಲಾಚೆಯಿಂದ, ಎಂದರೆ ಇರಾನ್, ಇರಾಕ್, ಮಧ್ಯ ಏಷ್ಯಗಳಿಂದ ವಿದ್ವಾಂಸರನ್ನೂ ಸೈನಿಕರನ್ನೂ ವ್ಯಾಪಾರಿಗಳನ್ನೂ ಕರೆಸಿಕೊಂಡು ಆದರಿಸಿದನು. ಈ ಹೊಸಬರಿಗೆ ಎರಡು ಹೆಸರುಗಳು ಬಂದವು. ಒಂದು 'ಆಫಾಕಿ'. ಅರಬ್ಬೀ ಭಾಷೆಯಲ್ಲಿ 'ಆಫಾಕ್' ಎಂದರೆ ದಿಗಂತಗಳು. ಆದುದರಿಂದ ಆಫಾಕಿ ಎಂದರೆ ದಿಗಂತಗಳಿಂದ ಬಂದವನು. ಹೆಸರೇನೋ ಕಾವ್ಯಮಯವಾಗಿದೆ. ಇನ್ನೊಂದು ಹೆಸರು 'ಗರೀಬ'. ಇದು ಓದುಗರನ್ನು ಬೆಚ್ಚಿಸಬಹುದು. ಅರಬ್ಬಿಯಲ್ಲಿ 'ಗರೀಬ್' ಎಂದರೆ ಪರದೇಶಿ, ಅಪರಿಚಿತ, ಬಡವನಲ್ಲ. ಬೀದರಿನ ಆಸ್ಥಾನದಲ್ಲಿ ಆನೆ ಕುದುರೆಗಳ ನಡುವೆ ಮೆರೆದ ಇರಾನೀ ಅಮೀರನು ಹೆಸರಿಗೆ ಗರೀಬನಾಗಿದ್ದನು.

ದಖನಿಗಳಿಗೂ ಗರೀಬರಿಗೂ ನಡೆದ ಕಲಹ ಸಣ್ಣದಲ್ಲ. ಹದಿನೈದನೆಯ ಶತಮಾನದ ನಡುವೆ ಪುಣೆಯ ಬಳಿಯ ಚಾಕಣದ ಕೋಟೆಯಲ್ಲಿ ದಖನಿ ಪಕ್ಷದವರು ಗರೀಬರನ್ನು ಮೋಸದಿಂದ ಕೊಲ್ಲಿಸಿದ ಸಂಗತಿಯನ್ನು ಫೆರಿಷ್ತಾ ವಿಸ್ತಾರವಾಗಿ ಬರೆದಿದ್ದಾನೆ. ಇದರ ಕೊನೆಯ ಅಂಕವೆಂದರೆ ಮಹಮೂದ್ ಗವಾನನ ವಧೆ. ಕಾಸ್ಪಿಯನ್ ಕಡಲ ದಂಡೆಯ ಗೀಲಾನಿನಿಂದ 1453ರಲ್ಲಿ ವ್ಯಾಪಾರಿಯಾಗಿ ಬಂದ ಈತನು ಮಂತ್ರಿಯಾಗಿ, 1472ರಲ್ಲಿ ಬೀದರಿನ ಮದರಸಾವನ್ನು ಕಟ್ಟಿಸಿದನು. ದೊಡ್ಡ ಅಧಿಕಾರಗಳನ್ನು ಎರಡೂ ಪಕ್ಷಗಳಿಗೆ ಹಂಚಿಕೊಡುವ ಜಾಣ್ಮೆಯನ್ನೂ ತೋರಿಸಿದನು. ಆದರೂ ಅವನ ಮುದ್ರಾಧಿಕಾರಿಗೆ ಲಂಚವುಣಿಸಿ, ಬರಿಯ ಕಾಗದದ ಮೇಲೆ ಮುದ್ರೆಯೊತ್ತಿಸಿಕೊಂಡು, ಒಡಿಶಾದ ಅರಸನಿಗೆ ಬರೆದ ದ್ರೋಹದ ಪತ್ರವನ್ನು ಅದರಲ್ಲಿ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದನು ವಿಚಾರಣೆಯಿಲ್ಲದೆ 1481ರ ಏಪ್ರಿಲಿನಲ್ಲಿ ಅವನ ತಲೆ ತೆಗೆಸಿದನು. ಪತ್ರಲೇಖನ ಕಲೆಯ ಮೇಲೆ ಗ್ರಂಥವನ್ನೇ ಬರೆದಿದ್ದ ವಿದ್ವಾಂಸನು ತಾನು ಬರೆಯದ ಒಂದು ಪತ್ರಕ್ಕೆ ಬಲಿಯಾದನು. ಬಹಮನಿ ರಾಜ್ಯವೂ ಅಲ್ಲಿಂದ ಮುಂದೆ ಬಹುಕಾಲ ಒಂದಾಗಿ ನಿಲ್ಲಲಿಲ್ಲ.

ಈಗ ಈ ಪಕ್ಷಗಳೊಳಗೆ ಇದ್ದವರು ಯಾರೆಂದು ಎಣಿಸಿ ನೋಡೋಣ. ದಖನಿಗಳ ಹಿರಿಯರು ದೆಹಲಿಯಿಂದ ಬಂದವರು. ಅವರ ಬೆನ್ನಿಗೆ ನಿಂತ ಹಬಶಿಗಳು ಆಫ್ರಿಕಾದ ಅಬಿಸೀನಿಯದವರು. ಅವರನ್ನೂ ಚರಿತ್ರಕಾರರು ದಖನಿ ಪಕ್ಷದೊಡನೆಯೇ ಎಣಿಸುತ್ತಾರೆ. ಗವಾನನ ವಿರುದ್ಧ ಪಕ್ಷಕ್ಕೆ ಮುಖಂಡನಾದ ಮಲಿಕ್ ಹಸನನು ಪಾಥರಿಯ ಬ್ರಾಹ್ಮಣ ಮನೆತನದ ಹುಡುಗನಾಗಿದ್ದು ಸೆರೆಸಿಕ್ಕು ಮತಾಂತರಗೊಂಡವನು. ಅಹಮದನಗರದ ನಿಜಾಮಶಾಹಿ ಅವನ ಮಗನಿಂದ ಪ್ರಾರಂಭವಾಯಿತು. ವರಾಡದಲ್ಲಿ ಇಮಾದಶಾಹಿಯನ್ನು ಕಟ್ಟಿದ ಫತೇಉಲ್ಲಾ ಇಮಾದುಲ್ಮುಲ್ಕನು ವಿಜಯನಗರದ ಕಡೆಯ ಕನ್ನಡಿಗರ ಮಗನೆಂದು ಫೆರಿಷ್ತಾನೇ ಹೇಳುತ್ತಾನೆ. ಹೀಗೆ ನೂರು ವರ್ಷದ ಹಿಂದೆ ಉತ್ತರದಿಂದ ಬಂದವನು, ಕಡಲು ದಾಟಿ ಬಂದ ಹಬಶಿ, ಊರಿನಲ್ಲಿಯೇ ಹುಟ್ಟಿ ಮತ ಬದಲಿಸಿದವನು, ಎಲ್ಲರೂ ಒಂದೇ ಹೆಸರಿನಡಿ ನಿಂತುದಕ್ಕೆ ಕಾರಣ ಬೇರೇನೂ ಇಲ್ಲ: ನಿನ್ನೆ ಬಂದವನನ್ನು ಹೊರಗಿಡಬೇಕಾಗಿತ್ತು. ನೆಲದ ಹೆಸರನ್ನು ಅತಿ ಗಟ್ಟಿಯಾಗಿ ಕೂಗಿದವರು ನೆಲದಲ್ಲಿ ಬಹುಕಾಲದಿಂದ ಇದ್ದವರಲ್ಲ, ಮೊನ್ನೆ ಬಂದವರು.

ಬಹುಕಾಲದಿಂದ ಇದ್ದವರಾದರೋ ಈ ಜಗಳದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಕೋಟೆಯ ಹೊರಗೆ ಜೋಳ ಬಿತ್ತುತ್ತಿದ್ದ ಕನ್ನಡದವನಾಗಲಿ ಮರಾಠಿಯವನಾಗಲಿ ದಖನಿಯೂ ಅಲ್ಲ, ಆಫಾಕಿಯೂ ಅಲ್ಲ. ಸುಮಾರು 1471ರಲ್ಲಿ ಬೀದರಿನಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ತನ್ನ ಪ್ರವಾಸ ಕಥನದಲ್ಲಿ ಇಲ್ಲಿ ಆಳುವವರೂ ಪ್ರಭುಗಳೂ ಎಲ್ಲರೂ ಖೊರಾಸಾನಿಗಳೆಂದು ಬರೆದನು. ಪ್ರಭುಗಳು ಬಹಳ ಸಿರಿವಂತರು, ಹಳ್ಳಿಯ ಜನ ಬಹಳ ಬಡವರು ಎಂದೂ ಬರೆದನು. ಬೇರೆ ಯಾವ ಪಕ್ಷಕ್ಕೂ ಸೇರದ ಆ ಪರದೇಶಿಯ ಕಣ್ಣಿಗೆ ಕಂಡುದು ಈ ಒಂದು ಭೇದ. ನಮಗೆ ಇಲ್ಲಿ ಒಂದು ವಿಚಿತ್ರ ಹೊಳೆಯುತ್ತದೆ. ಪರದೇಶಿಯೆಂಬ ಅರ್ಥದ 'ಗರೀಬ' ಶಬ್ದವು ಹಿಂದೂಸ್ತಾನದ ಪಾರಸಿ ಉರ್ದುಗಳಲ್ಲಿ ಮೆಲ್ಲಮೆಲ್ಲನೆ ದಿಕ್ಕಿಲ್ಲದವನು, ಕೈಲಾಗದವನು, ಬಡವನು ಎಂಬ ಅರ್ಥಕ್ಕೆ ಜಾರಿತು. ಇದು ಬೀದರಿನಲ್ಲಿಯೇ ಆದ ಬದಲಾವಣೆಯಲ್ಲ, ಭಾಷೆಯ ಸಾಮಾನ್ಯ ಗತಿ. ಆದರೆ ಫಲವಂತೂ ಬೀದರಿನಲ್ಲಿ ಕಣ್ಣಿಗೆ ಕಟ್ಟುತ್ತದೆ. ಒಂದು ಕಾಲಕ್ಕೆ ಜರತಾರಿ ನಿಲುವಂಗಿಯ ಅಮೀರನ ಬಿರುದಾಗಿದ್ದ ಮಾತು ಕನ್ನಡಕ್ಕೆ ಬರುವ ಹೊತ್ತಿಗೆ, ನಿಕಿತಿನನು ಕಂಡ ಆ ಹೊಲದವನ ಮೇಲೆ ಬಂದು ಕುಳಿತಿತ್ತು. ಇಂದು ಔರಾದದ ಸಂತೆಯಲ್ಲಿ 'ಗರೀಬ ಮನಷ್ಯಾ' ಎಂದರೆ ಯಾರಿಗೂ ಇರಾನಿನ ನೆನಪು ಬಾರದು.

ಇದು ನಮ್ಮಲ್ಲಿ ಮಾತ್ರ ನಡೆದುದೆಂದು ಭಾವಿಸಬೇಕಾಗಿಲ್ಲ. ಸ್ಪೇನಿನವರು ಅಮೆರಿಕ ಖಂಡದಲ್ಲಿ ನೆಲೆಯೂರಿದ ಮೇಲೆ ಅಲ್ಲಿಯೂ ಇಂತಹುದೇ ಒಂದು ಜೋಡಿ ಹೆಸರು ಹುಟ್ಟಿತು. ಅಲ್ಲಿಯೇ ಹುಟ್ಟಿದ ಸ್ಪೇನಿನ ಸಂತಾನದವನು 'ಕ್ರಿಯೋಯೊ'. ಸಾಕು, ಬೆಳೆಸು ಎಂಬ ಅರ್ಥದ ಧಾತುವಿನಿಂದ ಬಂದ ಮಾತಿದು. ಈ ಮಾತನ್ನು ಮೊದಲು ಬಳಸಿದವರು ಆಫ್ರಿಕಾದಿಂದ ತಂದ ಗುಲಾಮರೆಂದೂ, ಆಫ್ರಿಕಾದಲ್ಲಿ ಹುಟ್ಟಿದ ತಮಗೂ ಇಲ್ಲಿ ಹುಟ್ಟಿದ ಮಕ್ಕಳಿಗೂ ಭೇದ ತೋರಿಸಲು ಹೀಗೆ ಕರೆದರೆಂದೂ ಇಂಕಾ ಗಾರ್ಸಿಲಾಸೊ 1609ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಇದಕ್ಕೆ ಎದುರಾಗಿ, ಸ್ಪೇನಿನಿಂದ ಹೊಸದಾಗಿ ಹಡಗಿಳಿದು ಬಂದು ಅಧಿಕಾರ ನಡೆಸುವವನನ್ನು ಮೆಕ್ಸಿಕೋದಲ್ಲಿ 'ಗಚುಪಿನ್' ಎಂದರು. ಅದೊಂದು ಬೈಗುಳು. 1810ರಲ್ಲಿ ಅಲ್ಲಿ ದಂಗೆಯೆದ್ದಾಗ ಗಚುಪಿನರ ಮೇಲಿನ ಸಿಟ್ಟೇ ಜನರ ಬಾಯಲ್ಲಿ ಮುಂದಾಗಿತ್ತು. ಕ್ರಿಯೋಯೊ ಎಂದರೆ ದಖನಿ, ಗಚುಪಿನ್ ಎಂದರೆ ಆಫಾಕಿ ಎಂದು ಬೀದರಿನ ವಿದ್ಯಾರ್ಥಿ ಒಡನೆಯೇ ಗುರುತಿಸಿಯಾನು. ಅಲ್ಲಿಯೂ ಮೂಲದ ಜನ ಈ ಜೋಡಿಯ ಹೊರಗೇ ಉಳಿದರು. ಕೊಲಂಬಸನ ದಾರಿ ತಪ್ಪಿದ ಲೆಕ್ಕದಿಂದಾಗಿ ಅವರಿಗೆ 'ಇಂದಿಯೋ' ಎಂಬ ಹೆಸರು ಅಂಟಿತು.

ಗಚುಪಿನ್ ಶಬ್ದದ ಮೂಲದ ವಿಷಯದಲ್ಲಿ ಒಂದು ಸೊಗಸಾದ ಕಥೆಯುಂಟು. ನಾಹುವಾಟ್ಲ್ ಎಂಬ ಅಲ್ಲಿಯ ಮೂಲಭಾಷೆಯಲ್ಲಿ ಪಾದರಕ್ಷೆಗೆ ಒಂದು ಮಾತು, ಚುಚ್ಚುವುದಕ್ಕೆ ಒಂದು ಮಾತು. ಎರಡೂ ಸೇರಿ, ಮುಳ್ಳಿನ ಹಿಮ್ಮಡದಿಂದ ಕುದುರೆಯನ್ನು ತಿವಿಯುವವನು ಎಂದಾಯಿತೆಂದು ಆ ಕಥೆ. ಸವಾರನ ದರ್ಪವೂ ತಿವಿತಕ್ಕೊಳಗಾದವನ ನೋವೂ ಅದರಲ್ಲಿ ಇರುವುದರಿಂದ ಜನ ಅದನ್ನು ಮೆಚ್ಚಿದರು. ನಿಜವಾದ ಮೂಲ ಬಹುಶಃ ಸ್ಪೇನಿನಲ್ಲಿಯೇ ಇದ್ದ ಕಚೋಪಿನ್ ಎಂಬ ಮನೆತನದ ಹೆಸರು. ಕುಲದ ಜಂಬಕ್ಕೆ ಹೆಸರಾದ ಲಾರೆದೊ ಊರಿನ ಆ ಮನೆತನವನ್ನು ಸೆರ್ವಾಂಟಿಸ್ ತನ್ನ 'ಡಾನ್ ಕ್ವಿಕ್ಸೋಟ್'ನಲ್ಲಿ ನೆನೆದಿದ್ದಾನೆ. ಜನರು ಕಟ್ಟಿದ ನಿರುಕ್ತ ಸುಳ್ಳಾದರೂ ಅವರ ಮನಸ್ಸನ್ನು ತೋರಿಸುವ ಮಟ್ಟಿಗೆ ದಿಟ. ಬೀದರನ್ನು ವಿದುರನಗರವೆನ್ನುವವರನ್ನೂ ಹೀಗೆಯೇ ನೋಡಬೇಕು. ಬಿದಿರಿನಿಂದ ಬಿದರೆ, ಬೀದರ ಎಂಬ ವಿವರಣೆಯನ್ನು ವಿದ್ವಾಂಸರು ಹೆಚ್ಚಾಗಿ ಒಪ್ಪುತ್ತಾರೆ. ಆದರೆ ಬಿದಿರುಮೆಳೆಗಿಂತ ಮಹಾಭಾರತದ ಧರ್ಮಾತ್ಮನು ಊರಿಗೆ ಹೆಚ್ಚಿನ ಗೌರವ ತರುವನೆಂದು ಕೆಲವರಿಗೆ ಅನಿಸಿದೆ. ಶಾಲೆಯಲ್ಲಿ ಎರಡನ್ನೂ ಹೇಳಬಹುದು. ಯಾವುದು ಕಥೆ ಯಾವುದು ಊಹೆ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕು.

ದಖನಿ ಶಬ್ದದ ಎರಡನೆಯ ಬಾಳು ಮೊದಲನೆಯದಕ್ಕಿಂತ ಉದಾತ್ತವಾದುದು. ಉತ್ತರದಿಂದ ಬಂದವರ ಮಾತು ಇಲ್ಲಿಯ ಬೀದಿಗಳಲ್ಲಿ ಕನ್ನಡ, ಮರಾಠಿ, ತೆಲುಗುಗಳ ಜೊತೆ ಬೆರೆತು ದಖನಿ ಎಂಬ ಭಾಷೆಯಾಯಿತು. ಬೇಡವೆನ್ನಲು ಮರಾಠಿಯ 'ನಕೋ' ಅಲ್ಲಿ 'ನಕ್ಕೋ' ಆಗಿ ನಿಂತಿತು. 'ಮೈಂಚ್', 'ಯಹೀಚ್' ಎಂದು ಒತ್ತಿ ಹೇಳುವಾಗ ಕೊನೆಗೆ ಬರುವ ಚಕಾರವೂ ಮರಾಠಿಯದೇ. ಈ ಭಾಷೆಯಲ್ಲಿ ನಮಗೆ ದೊರಕಿರುವ ಅತ್ಯಂತ ಹಳೆಯ ದೀರ್ಘಕಾವ್ಯವನ್ನು ಹದಿನೈದನೆಯ ಶತಮಾನದಲ್ಲಿ, ಬಹಮನಿ ಅರಸರ ಆಶ್ರಯದಲ್ಲಿ ಬರೆದವನು ಫಖ್ರುದ್ದೀನ್ ನಿಜಾಮಿ. ಕಾವ್ಯದ ಹೆಸರು 'ಕದಮ ರಾವ್ ಪದಮ ರಾವ್'. ಕದಮ ರಾವ್ ಒಬ್ಬ ಅರಸ, ಪದಮ ರಾವ್ ಒಬ್ಬ ನಾಗ. ಹೆಸರುಗಳನ್ನು ನೋಡಿದರೇ ಸಾಕು, ಕವಿಯ ಕಿವಿ ಇರಾನಿನ ಕಡೆಗಿರಲಿಲ್ಲವೆಂದು ತಿಳಿಯುತ್ತದೆ. ಮಾಂಜರಾ ತೀರದ ಈ ಭಾಷೆಗೆ ನಗೆಗಾರರ ಬಾಯಲ್ಲಿ ಮಾತ್ರ ಜಾಗವೆನ್ನುವವರು, ಉತ್ತರದ ಉರ್ದು ಕಾವ್ಯವು ದಕ್ಷಿಣದ ಈ ಅಕ್ಕನಿಗಿಂತ ಬಹಳ ಕಿರಿಯದೆಂಬುದನ್ನು ಒಮ್ಮೆ ನೆನೆದರೆ ಒಳ್ಳೆಯದು.

ಹೈದರಾಬಾದಿನ ಕಾಲದಲ್ಲಿ ಹಳೆಯ ಜಗಳ ಹೊಸ ಹೆಸರು ತಾಳಿತು. ಮೊದಲನೆಯ ಸಾಲಾರಜಂಗನು ದಿವಾನನಾಗಿದ್ದಾಗ (1853-1883) ಆಡಳಿತಕ್ಕೆಂದು ಉತ್ತರ ಹಿಂದೂಸ್ತಾನದಿಂದ ವಿದ್ಯಾವಂತರನ್ನು ಕರೆಸಿದನು. 1884ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದ ಮೇಲೆ ಅವರ ಕೈ ಮತ್ತಷ್ಟು ಮೇಲಾಯಿತು. ಆಗ ಇಲ್ಲಿಯವರು 'ಮುಲ್ಕಿ'ಗಳಾದರು, ಬಂದವರು 'ಗೈರ್ ಮುಲ್ಕಿ'ಗಳಾದರು. 'ಮುಲ್ಕ್' ಎಂದರೆ ರಾಜ್ಯ, ದೇಶ. 1919ರ ಫರ್ಮಾನಿನಲ್ಲಿ ನೌಕರಿಯ ಸಲುವಾಗಿ ಮುಲ್ಕಿ ಯಾರೆಂದು ಗೊತ್ತುಪಡಿಸಿದರು: ಇಲ್ಲಿ ಹುಟ್ಟಿದವನು, ಇಲ್ಲವೇ ಹದಿನೈದು ವರ್ಷ ಇಲ್ಲಿ ನೆಲೆಸಿದವನು. ದಿಕ್ಕಿನ ಹೆಸರಿಗೆ ಬದಲು ಸರಕಾರದ ದಾಖಲೆಯಲ್ಲಿ ಅಳೆಯಬಹುದಾದ ಹೆಸರು ಬಂದುದು ಒಂದು ದೃಷ್ಟಿಯಿಂದ ಸುಧಾರಣೆಯೇ ಸರಿ. ಹದಿನೈದು ವರ್ಷ ಕಳೆದರೆ ಗೈರ್ ಮುಲ್ಕಿಯೂ ಮುಲ್ಕಿಯಾಗಬಲ್ಲನು. ಬಹಮನಿ ಕಾಲದ ಆಫಾಕಿಗೆ ಅಂತಹ ಗಡುವು ಇರಲಿಲ್ಲ. ಆದರೂ ನಿಜಾಮರ ರಾಜ್ಯ ಹೋದ ಮೇಲೆಯೂ ಜಗಳ ಹೋಗಲಿಲ್ಲ. 1952ರಲ್ಲಿ ಹೈದರಾಬಾದಿನ ಬೀದಿಗಳಲ್ಲಿ ವಿದ್ಯಾರ್ಥಿಗಳು ಗೈರ್ ಮುಲ್ಕಿಗಳ ವಿರುದ್ಧ ಚಳವಳಿ ಹೂಡಿದಾಗ ಗುಂಡೇಟೂ ಆಯಿತು, ಪ್ರಾಣಹಾನಿಯೂ ಆಯಿತು.

1956ರ ನವೆಂಬರ್ 1ರಂದು ಬೀದರ ಜಿಲ್ಲೆಯನ್ನು ಭಾಷೆಯ ಅಳತೆಗೋಲಿನಿಂದ ಒಡೆದರು. ಉದಗೀರ, ನಿಲಂಗ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು; ಜಹೀರಾಬಾದ, ನಾರಾಯಣಖೇಡದ ಕಡೆ ಆಂಧ್ರಕ್ಕೆ ಹೋಯಿತು; ಬೀದರ, ಭಾಲ್ಕಿ, ಔರಾದ, ಹುಮನಾಬಾದ ಸೀಮೆ ಮೈಸೂರಿಗೆ ಬಂದಿತು. ಮೈಸೂರಿನವರು ಈ ಹೊಸ ನಂಟರನ್ನು ಹೈದರಾಬಾದು ಕರ್ನಾಟಕದವರೆಂದರು. ಬಿಟ್ಟುಬಂದ ಮನೆಯ ಹೆಸರಿನಿಂದಲೇ ಸೊಸೆಯನ್ನು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಕರೆದಂತಾಯಿತು. 2019ರಲ್ಲಿ ಕರ್ನಾಟಕ ಸರಕಾರ ಈ ಹೆಸರನ್ನು ಕಲ್ಯಾಣ ಕರ್ನಾಟಕವೆಂದು ಬದಲಿಸಿತು. ಚಾಲುಕ್ಯರ ರಾಜಧಾನಿಯೂ ಶರಣರ ಊರೂ ಆದ ಕಲ್ಯಾಣ ಬೀದರ ಜಿಲ್ಲೆಯಲ್ಲಿಯೇ ಇರುವುದರಿಂದ, ಈ ಒಂದು ಸಲ ಹೆಸರು ಸೀಮೆಯ ಒಳಗಿನಿಂದ ಬಂದಿತೆಂದು ಹೇಳಬಹುದು. ಅದಕ್ಕೂ ಮೊದಲೇ ಸಂವಿಧಾನದ 98ನೆಯ ತಿದ್ದುಪಡಿಯಿಂದ (2012) 371-ಜೆ ವಿಧಿ ಸೇರಿ, ಈ ಸೀಮೆಗೆ ಹುಟ್ಟಿನಿಂದಲೋ ವಾಸದಿಂದಲೋ ಸೇರಿದವರಿಗೆ ಓದಿನಲ್ಲಿಯೂ ನೌಕರಿಯಲ್ಲಿಯೂ ಪಾಲು ಕಾದಿರಿಸಲು ದಾರಿಯಾಗಿತ್ತು. ಹುಟ್ಟು, ಇಲ್ಲವೇ ವಾಸ: 1919ರ ಎರಡು ಬಾಗಿಲುಗಳೇ ಇಲ್ಲಿಯೂ ತೆರೆದಿವೆ. ಇದನ್ನು ನಾವು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಹಿಂದುಳಿದ ಸೀಮೆಗೆ ರಕ್ಷಣೆ ಬೇಕು. ರಕ್ಷಣೆ ಬೇಕಾದರೆ ಯಾರಿಗೆಂಬ ನಿರ್ಣಯವೂ ಬೇಕು. ಕಚೇರಿಯ ಆ ಪ್ರಮಾಣಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ನೆರೆಮನೆಯವನ ಕುಲ, ಮತ, ಮನೆಮಾತುಗಳನ್ನು ಅಳೆಯಹೊರಡುವುದಕ್ಕೆ ಮಾತ್ರ ನಮ್ಮ ವಿರೋಧ.

ಏಕೆಂದರೆ ಅಂತಹ ಅಳತೆ ಈ ಸೀಮೆಯಲ್ಲಿ ನಿಲ್ಲುವುದಿಲ್ಲ. ಔರಾದದ ಕಡೆಗೆ ಡಾಬಕಾದಂತಹ ಗಡಿಯ ಊರಿನಲ್ಲಿ ಮನೆಯೊಳಗೆ ಮರಾಠಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ ಆಡುವ ಹುಡುಗನಿರುತ್ತಾನೆ. ಅವನು ಬೆಂಗಳೂರಿಗೋ ಧಾರವಾಡಕ್ಕೋ ಓದಲು ಹೋದರೆ ಅವನ ಕನ್ನಡ ಕೇಳಿ 'ನೀವು ಕರ್ನಾಟಕದವರೇ?' ಎನ್ನುವವರು ಸಿಗುತ್ತಾರೆ. ಉದಗೀರಿಗೆ ಹೋದರೆ ಕರ್ನಾಟಕದವನೆನ್ನುತ್ತಾರೆ. ಹೊರಗಿನವರು ಇಟ್ಟ ಹೆಸರು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಗೋವೆಯ ಉದಾಹರಣೆಯೊಂದಿದೆ. ಪೋರ್ಚುಗೀಸರು ಕೊಂಕಣಿ ಮಾತನಾಡುವ ಜನರನ್ನು ಕನ್ನಡದ ಹೆಸರಿನಿಂದಲೇ 'ಕನಾರಿಂ' ಎಂದು ಕರೆದರು. ಪಾದ್ರಿ ಥಾಮಸ್ ಸ್ಟೀಫನ್ಸನು ಬರೆದು 1640ರಲ್ಲಿ ರಾಯತೂರಿನಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಹೆಸರಿನಲ್ಲಿ ಆ ಭಾಷೆ 'ಕನಾರಿಂ' ಎಂದೇ ಇದೆ. ಮುಂದೆ ಆ ಮಾತು ಹಗುರವಾದ ಸಂಬೋಧನೆಯಾಗಿ ಗೋವೆಯವರನ್ನು ನೋಯಿಸಿತು. ನಮ್ಮ ಹೆಸರು ನಮಗೆ ತಿಳಿಯದೆಯೇ ಇನ್ನೊಬ್ಬರಿಗೆ ಬೈಗುಳಾಗಿತ್ತು.

ನಮ್ಮ ಅಭಿಪ್ರಾಯದಲ್ಲಿ ದಖನಿ ಎಂಬ ಹೆಸರನ್ನು ಈ ಸೀಮೆಯ ಕನ್ನಡಿಗರು ಬಿಟ್ಟುಕೊಡಬೇಕಾಗಿಲ್ಲ. ಅದು ಉರ್ದುವಿನವರದೆಂದು ಕನ್ನಡದವರು ಸರಿಯುವುದೂ, ತಮ್ಮದು ಮಾತ್ರವೆಂದು ಉರ್ದುವಿನವರು ತಿಳಿಯುವುದೂ ಎರಡೂ ಶಬ್ದಕ್ಕೆ ಅನ್ಯಾಯ. ಬಹಮನಿ ಆಸ್ಥಾನದಲ್ಲಿ ಹೊಲದವನಿಗೆ ನಿರಾಕರಿಸಿದ್ದ ಈ ಹೆಸರನ್ನು ಅವನ ಮಗನಿಗೆ ಪಾಠದಲ್ಲಿಯಾದರೂ ಕೊಡಬೇಕು. ಬೀದರಿನ ಅಧ್ಯಾಪಕರು ಮದರಸಾದ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದಾಗ, 1696ರ ಸ್ಫೋಟದಲ್ಲಿ ಕುಸಿದ ಆ ಕಟ್ಟಡದ ಬಣ್ಣದ ಹೆಂಚುಗಳನ್ನು ತೋರಿಸುವುದರ ಜೊತೆಗೆ, ಅದನ್ನು ಕಟ್ಟಿದವನು ಗರೀಬನೆನಿಸಿಕೊಂಡಿದ್ದನೆಂಬುದನ್ನೂ ಹೇಳಿ ಆ ಶಬ್ದವನ್ನು ವಿವರಿಸಲಿ. ಮಕ್ಕಳು ಪ್ರಶ್ನೆ ಕೇಳುವರು; ಕೇಳಲಿ.

ಅಲ್ಲಿಂದ ಅಷ್ಟೂರಿಗೆ ದೂರವೇನಿಲ್ಲ. ಆಫಾಕಿಗಳನ್ನು ಕರೆಸಿದ ಅಹಮದ್ ಷಾ ವಲಿಯ ಗೋರಿ ಅಲ್ಲಿದೆ. ಕಿರ್ಮಾನಿನ ಸೂಫಿ ಸಂತ ನಿಯಾಮತುಲ್ಲಾನ ವಂಶದವರನ್ನು ಬರಮಾಡಿಕೊಂಡು ಗೌರವಿಸಿದ ಅರಸನೀತ. ಆ ಸಂತನ ಮಗ ಖಲೀಲುಲ್ಲಾನ ಚೌಖಂಡಿಯೂ ಅದೇ ಹಾದಿಯಲ್ಲಿದೆ. ಈ ಸುಲ್ತಾನನನ್ನು ಸುತ್ತಲಿನ ಲಿಂಗಾಯತರು ಅಲ್ಲಮಪ್ರಭುವೆಂದು ನಂಬಿ ನಡೆದುಕೊಳ್ಳುತ್ತಾರೆ. ಅವನ ಉರುಸು ಹಿಂದೂ ಪಂಚಾಂಗದ ಲೆಕ್ಕದಲ್ಲಿ ನಡೆಯುತ್ತದೆ. ಅದಕ್ಕೆ ಮಾಡಿಯಾಳದಿಂದ ಒಬ್ಬ ಜಂಗಮರು ಬರುತ್ತಾರೆ, ಅವರು ಬಂದು ಶಂಖ ಊದಿ ತೆಂಗಿನಕಾಯಿ ಒಡೆಯುವವರೆಗೆ ಉರುಸು ಪ್ರಾರಂಭವಾಗುವುದಿಲ್ಲ.